ಮೂರು ತೊಲದ ಸರವೂ ಇನ್ನೂರು ಪುಟದ ನೋಟ್‌ಬುಕ್ಕೂ

ಕಳೆದ ಭಾನುವಾರ ಸಂಜೆ ನಮ್ಮ ಮನೆಯ ವಸ್ತುಗಳ ದಾಖಲೆ ಬರೆದು ಮುಗಿಸಿದೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅರವತ್ತೆಂಟು ಪುಟ ತುಂಬಿವೆ. ಬರೆಯಲು ಹಿಡಿದದ್ದು ಐದು ವಾರ. ಬರೆಯಲೇಬೇಕೆಂಬ ಬುದ್ಧಿ ಬರುವುದಕ್ಕೆ ಒಂದು ಕಳವು, ಒಂಬತ್ತು ತಿಂಗಳ ಅಲೆದಾಟ ಬೇಕಾಯಿತು. ನಮ್ಮ ಓಣಿಯಲ್ಲೇ ನಾಲ್ಕಾರು ಮನೆಯವರು ಏನೇನು ಬರೆಯಬೇಕು, ಹೇಗೆ ಬರೆಯಬೇಕು ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುವ ಬದಲು ನಡೆದದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ದಾವಣಗೆರೆಯ ನಿಟುವಳ್ಳಿ ಕಡೆಯ ಒಂದು ಬಡಾವಣೆ. 2025ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರಿಗೆಂದು ನಾನು, ನಮ್ಮ ಯಜಮಾನರು, ಮಗಳು ಮೂವರೂ ಪಾದಯಾತ್ರೆ ಹೊರಟೆವು. ಈ ಭಾಗದಿಂದ ಗುರು ಕೊಟ್ಟೂರೇಶ್ವರನ ತೇರಿಗೆ ನಡೆದು ಹೋಗುವವರು ಪ್ರತಿ ವರ್ಷ ಸಾವಿರಾರು ಜನ. ಯಜಮಾನರು ಹತ್ತು ವರ್ಷದಿಂದ ತಪ್ಪಿಸಿಲ್ಲ. ಅತ್ತೆಯನ್ನು ಹರಿಹರದಲ್ಲಿ ನಾದಿನಿಯ ಮನೆಗೆ ಬಿಟ್ಟಿದ್ದೆವು. ಹಾಲಿನವರಿಗೆ ಬೇಡವೆಂದು ಹೇಳಿದ್ದೆ, ಪತ್ರಿಕೆ ಹಾಕುವ ಹುಡುಗನಿಗೆ ಹೇಳುವುದನ್ನು ಮರೆತಿದ್ದೆ. ಮೂರು ದಿನದ ಪತ್ರಿಕೆಗಳು ಗೇಟಿನೊಳಗೆ ಹಾಗೇ ಬಿದ್ದಿದ್ದವು. ಮನೆಯಲ್ಲಿ ಯಾರೂ ಇಲ್ಲ ಎಂದು ಬೀದಿಗೆಲ್ಲ ಸಾರಲು ಅಷ್ಟು ಸಾಕು.

ಮೂರನೆಯ ದಿನ ಬೆಳಿಗ್ಗೆ ಪಕ್ಕದ ಮನೆಯವರ ಫೋನು ಬಂತು. ಕೊಟ್ಟೂರಿನಿಂದ ಬಾಡಿಗೆ ಕಾರು ಮಾಡಿಕೊಂಡು ಬಂದೆವು. ಮುಂಬಾಗಿಲಿನ ಬೀಗ ಬೀಗದಂತೆಯೇ ಇತ್ತು. ಅದನ್ನು ಹಾಕಿದ್ದ ಚಿಲಕವನ್ನೇ ಚೌಕಟ್ಟಿನಿಂದ ಮೀಟಿ ಕಿತ್ತಿದ್ದರು. ಒಳಗೆ ಬೀರುವಿನ ಸೀರೆಗಳೆಲ್ಲ ನೆಲದ ಮೇಲೆ. ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬ, ಜೋಳದ ಹಿಟ್ಟಿನ ಡಬ್ಬ ಎರಡನ್ನೂ ಬುಡಮೇಲು ಮಾಡಿ ಸುರಿದಿದ್ದರು. ಹೆಣ್ಣುಮಕ್ಕಳು ಬಂಗಾರವನ್ನು ಅಕ್ಕಿಯಲ್ಲಿ ಹುದುಗಿಸಿಡುತ್ತಾರೆ ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಾನು ಅಳುತ್ತಲೇ ಸೀರೆಗಳನ್ನು ಎತ್ತಿ ಮಂಚದ ಮೇಲಿಟ್ಟೆ, ಬೀರುವಿನ ಬಾಗಿಲನ್ನು ಹಿಂದೆ ಮುಂದೆ ಆಡಿಸಿದೆ. ಬೆರಳಚ್ಚಿನವರು ಬಂದಾಗ ಸಿಕ್ಕಿದ್ದು ಬಹುಪಾಲು ನನ್ನ ಬೆರಳಿನ ಗುರುತುಗಳೇ. ಯಾರಿಗೇ ಇಂಥ ದಿನ ಬಂದರೂ ಹೊಸ್ತಿಲಲ್ಲೇ ನಿಂತು 112ಕ್ಕೆ ಫೋನು ಮಾಡಿ, ಅವರು ಬರುವವರೆಗೆ ಒಳಗೆ ಕಾಲಿಡಬೇಡಿ. ಆ ಹೊತ್ತಿನಲ್ಲಿ ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಠಾಣೆಯಲ್ಲಿ ದೂರು ಬರೆದುಕೊಳ್ಳುವವರು ಕೇಳಿದ ಮೊದಲ ಪ್ರಶ್ನೆ, "ಏನೇನು ಹೋಗಿದೆ, ಹೇಳಿ ಅಮ್ಮಾ."

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಪ್ರೌಢಶಾಲೆಯ ಶಿಕ್ಷಕಿ. ಇಪ್ಪತ್ಮೂರು ವರ್ಷದಿಂದ ದಿನವೂ ಹಾಜರಿ ಬರೆದವಳು. ನನ್ನ ಬೀರುವಿನಲ್ಲಿ ಏನಿತ್ತು ಎಂಬುದನ್ನು ಮಾತ್ರ ಒಂದು ದಿನವೂ ಬರೆದಿಟ್ಟಿರಲಿಲ್ಲ. ಅತ್ತೆಯ ಗುಂಡಿನ ಸರ ಎಂದೆ. ಎಷ್ಟು ತೂಕ ಎಂದರು. ಅತ್ತೆಗೆ ಫೋನು ಮಾಡಿ ಕೇಳಿದೆ. "ಮೂರು ತೊಲ" ಎಂದರು. ಬರೆಯುವವರು "ಮೂರು ತೊಲ, 30 ಗ್ರಾಂ" ಎಂದು ಬರೆದುಕೊಂಡರು. ಮಗಳಿಗೆ 2023ರಲ್ಲಿ ಕೊಂಡಿದ್ದ ಚೈನು, ಎರಡು ಉಂಗುರ, ಮಗಳ ನಾಮಕರಣಕ್ಕೆ ನನ್ನ ತವರಿನವರು ಕೊಟ್ಟ ಬೆಳ್ಳಿಯ ಬಟ್ಟಲು, ತೀರಿಹೋದ ಮಾವನವರ ಬೆಳ್ಳಿಯ ಕರಡಿಗೆ (ಇಷ್ಟಲಿಂಗ ಇಟ್ಟು ಧರಿಸುವ ಡಬ್ಬಿ), ಒಂದು ಹಳೆಯ ಮೊಬೈಲು, 22 ಸಾವಿರ ರೂಪಾಯಿ ನಗದು. ಇಷ್ಟು ಹೇಳಿದೆ. ಮನೆಗೆ ಬಂದ ಮೇಲೆ ಮಗಳ ಬೆಳ್ಳಿ ಕಾಲ್ಗೆಜ್ಜೆಯೂ ಇಲ್ಲ ಎಂದು ತಿಳಿಯಿತು. ಮರುದಿನ ಮತ್ತೆ ಹೋಗಿ ಅದನ್ನು ಹೆಚ್ಚುವರಿ ಹೇಳಿಕೆಯಾಗಿ ಬರೆಸಬೇಕಾಯಿತು. ಮೊದಲ ದಿನವೇ ಎಲ್ಲವೂ ನೆನಪಾಗುವುದಿಲ್ಲ. ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಬಹುದು, ಹೆದರಬೇಡಿ. ಆದರೆ ತಡ ಮಾಡಬೇಡಿ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕೆಂದು ಕಾನೂನಿನಲ್ಲೇ ಇದೆ, ಕೇಳಿ ಪಡೆಯಿರಿ. ಮುಂದೆ ಪ್ರತಿಯೊಂದು ಕಡೆಯೂ ಮೊದಲು ಕೇಳುವುದು ಅದನ್ನೇ.

ಮೊಬೈಲಿನ ವಿಷಯ ಒಂದೇ ಸಲೀಸಾಗಿ ಮುಗಿಯಿತು. ಅದರ ಖಾಲಿ ಪೆಟ್ಟಿಗೆ ಅಟ್ಟದ ಮೇಲೆ ಇತ್ತು, ಪೆಟ್ಟಿಗೆಯ ಮೇಲೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಇತ್ತು. ಮಗಳು ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ತಾಣದಲ್ಲಿ ದೂರಿನ ಪ್ರತಿ ಹಾಕಿ ಅದನ್ನು ನಿರ್ಬಂಧಿಸಿದಳು. ಎಲ್ಲಕ್ಕಿಂತ ಅಗ್ಗದ ವಸ್ತುವಿಗೇ ನಮ್ಮ ಬಳಿ ಪಕ್ಕಾ ಗುರುತು ಇತ್ತು. ಆಗಲಾದರೂ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಆಮೇಲೆ ಐದೂವರೆ ತಿಂಗಳು ಏನೂ ಇಲ್ಲ. ಮೊದಲ ತಿಂಗಳು ವಾರಕ್ಕೊಮ್ಮೆ ಠಾಣೆಗೆ ಹೋಗುತ್ತಿದ್ದೆವು, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಫೋನು ಮಾತ್ರ. ರಾತ್ರಿ ಬಾಗಿಲು ಸದ್ದಾದರೆ ಅತ್ತೆ ಎದ್ದು ಕೂರುತ್ತಿದ್ದರು. ಮಾರ್ಚಿನಲ್ಲಿ ನ್ಯಾಮತಿಯ ಬ್ಯಾಂಕ್ ಕಳವಿನ ಸುದ್ದಿ ಬಂತು. 2024ರ ಅಕ್ಟೋಬರಿನಲ್ಲಿ ಹೋಗಿದ್ದ ಸುಮಾರು 17 ಕಿಲೋ ಬಂಗಾರ ತಮಿಳುನಾಡಿನ ಒಂದು ಬಾವಿಯಲ್ಲಿ ಸಿಕ್ಕಿತ್ತು. ಇಡೀ ಜಿಲ್ಲೆಯೇ ಅದನ್ನು ಮಾತಾಡಿತು. ಅತ್ತೆ ಪತ್ರಿಕೆಯನ್ನು ಎರಡು ಸಲ ಓದಿಸಿಕೊಂಡು, "ಅಷ್ಟೆಲ್ಲ ಸಿಕ್ಕಿದೆ, ನಮ್ಮದು ಸಿಗುವುದಿಲ್ಲವೇ?" ಎಂದರು. ಸಿಕ್ಕರೆ ನಮ್ಮದೆಂದು ತೋರಿಸುವುದು ಹೇಗೆ ಎಂದು ಯಜಮಾನರು ಮೆಲ್ಲಗೆ ಅಂದರು. ಬ್ಯಾಂಕಿನಲ್ಲಿ ಅಡವಿಟ್ಟ ಒಡವೆಗೆ ಯಾರದು, ಯಾವುದು, ಎಷ್ಟು ತೂಕ ಎಂದು ಬರೆದ ಚೀಟಿ ಇರುತ್ತದೆ. ನಮ್ಮ ಬೀರುವಿಗೆ ಆ ಚೀಟಿ ಇರಲಿಲ್ಲ.

ಆಗಸ್ಟಿನ ಎರಡನೆಯ ವಾರ ಠಾಣೆಯಿಂದ ಕರೆ ಬಂತು. ಬೇರೆ ಜಿಲ್ಲೆಯಲ್ಲಿ ಒಂದು ತಂಡ ಸಿಕ್ಕಿಬಿದ್ದಿದೆ, ಕೆಲವು ಒಡವೆ ವಶಪಡಿಸಿಕೊಂಡಿದ್ದಾರೆ, ಬಂದು ಗುರುತಿಸಿ ಎಂದರು. ಅತ್ತೆ ಬೆಳಿಗ್ಗೆ ಆರಕ್ಕೇ ಸ್ನಾನ ಪೂಜೆ ಮುಗಿಸಿ ಕೂತಿದ್ದರು. ನಮ್ಮನ್ನು ಒಳಗೆ ಕರೆದದ್ದು ಮಧ್ಯಾಹ್ನ ಎರಡೂವರೆಗೆ. ಹೀಗೆ ಹೋಗುವಾಗ ವಯಸ್ಸಾದವರಿಗೆ ಬುತ್ತಿ, ನೀರು, ಮಾತ್ರೆ ಜೊತೆಗಿರಲಿ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಒಡವೆಗಳನ್ನು ಸಾಲಾಗಿ ಇಟ್ಟಿದ್ದರು. ಒಂದು ಕಡೆ ಕರಗಿಸಿದ ಬಂಗಾರದ ಗಟ್ಟಿ. ನಮ್ಮಂತೆ ಇನ್ನೂ ಆರು ಮನೆಯವರು ಬಂದಿದ್ದರು. ನಾನು ಮೊದಲು ಕಂಡದ್ದು ಮಗಳ ಬೆಳ್ಳಿ ಬಟ್ಟಲನ್ನು. ಅದನ್ನು ತಿರುಗಿಸಿದರೆ ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅವಳ ಹೆಸರು, ಕೆಳಗೆ 14-5-2006 ಎಂಬ ತಾರೀಖು. ಅಧಿಕಾರಿ ಅಕ್ಷರವನ್ನು ಓದಿದರು, ಮಗಳ ಆಧಾರ್ ನೋಡಿದರು, ಬದಿಗಿಟ್ಟರು. ಎರಡು ನಿಮಿಷದ ಕೆಲಸ. ಪಾತ್ರೆಗೆ ಹೆಸರು ಹಾಕಿಸುವುದು ನಮ್ಮ ತಾಯಂದಿರ ಕಾಲದ ರೂಢಿ. ಮದುವೆ ಮನೆಯಲ್ಲಿ ಪಾತ್ರೆ ಅದಲು ಬದಲಾಗದಿರಲಿ ಎಂದು ಹಾಕಿಸುತ್ತಿದ್ದರು. ಹತ್ತೊಂಬತ್ತು ವರ್ಷದ ಮೇಲೆ ಆ ಅಕ್ಷರ ಠಾಣೆಯಲ್ಲಿ ಸಾಕ್ಷಿ ಹೇಳಿತು.

ಗುಂಡಿನ ಸರದ ಕತೆ ಬೇರೆ. ಅದೇ ಸರವನ್ನು ಇನ್ನೊಬ್ಬ ಹೆಣ್ಣುಮಗಳೂ ತಮ್ಮ ತಾಯಿಯದು ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಒಂದೇ ಕಾಲದಲ್ಲಿ ಮಾಡಿಸಿದ ಗುಂಡಿನ ಸರಗಳು ನೋಡಲು ಒಂದೇ ಥರ. ತಕ್ಕಡಿಯಲ್ಲಿಟ್ಟರೆ 34.310 ಗ್ರಾಂ. ಅಧಿಕಾರಿ ನಮ್ಮ ಎಫ್‌ಐಆರ್ ತೆಗೆದು, "ನೀವು 30 ಗ್ರಾಂ ಎಂದು ಬರೆಸಿದ್ದೀರಿ, ಇದು ನಾಲ್ಕು ಗ್ರಾಂ ಹೆಚ್ಚಿದೆ" ಎಂದರು. ನನ್ನ ಎದೆ ಧಸಕ್ಕೆಂದಿತು. ಅತ್ತೆ ಮಾತ್ರ "ಮೂರು ತೊಲವೇ" ಎಂದು ಪಟ್ಟು ಹಿಡಿದರು.

ವಿಷಯ ಬಿಡಿಸಿದವರು ಅಲ್ಲಿ ತೂಕಕ್ಕೆಂದು ಕರೆಸಿದ್ದ ಪತ್ತಾರರು. ಈಗ ಅಂಗಡಿಗಳಲ್ಲಿ ತೊಲ ಎಂದರೆ 10 ಗ್ರಾಂ ಎಂದೇ ಲೆಕ್ಕ. ಹಳೆಯ ತೊಲ 11.66 ಗ್ರಾಂ. ಅತ್ತೆಯ ಸರ ಅವರ ಮದುವೆಗೆ, 1968ರಲ್ಲಿ ಮಾಡಿಸಿದ್ದು. ಹಳೆಯ ಲೆಕ್ಕದಲ್ಲಿ ಮೂರು ತೊಲ ಎಂದರೆ 35 ಗ್ರಾಮಿಗೆ ಕೂದಲೆಳೆ ಕಡಿಮೆ. ಐವತ್ತೇಳು ವರ್ಷ ಉಟ್ಟು ತೊಟ್ಟ ಸವೆತ ಕಳೆದರೆ ತೂಕ ಸರಿಹೋಗುತ್ತದೆ ಎಂದು ಅವರು ವಿವರಿಸಿದರು. ನಿಮ್ಮ ಮನೆಯ ಹಿರಿಯರು ತೊಲದಲ್ಲಿ ತೂಕ ಹೇಳಿದರೆ ಅದನ್ನು ಗ್ರಾಮಿಗೆ ತಿರುಗಿಸಲು ಹೋಗಬೇಡಿ. ತಕ್ಕಡಿಗೆ ಹಾಕಿ, ತಕ್ಕಡಿ ತೋರಿಸಿದ್ದನ್ನೇ ಬರೆಯಿರಿ.

ತೂಕ ಹೊಂದಿದರೂ ಸರ ನಮ್ಮದೇ ಎಂದು ಸಿದ್ಧವಾಗಲಿಲ್ಲ. ಆಗ ಅತ್ತೆ ಕುರ್ಚಿಯನ್ನು ಮೇಜಿನ ಹತ್ತಿರ ಎಳೆಸಿಕೊಂಡು, ಸರವನ್ನು ಮುಟ್ಟದೆ ಹೇಳಿದರು: "ಕೊಂಡಿಯಿಂದ ಎಡಗಡೆಗೆ ಎಣಿಸಿಕೊಂಡು ಹೋಗಿ. ಏಳನೆಯ ಗುಂಡು ಉಳಿದವುಗಳ ಹಾಗಿಲ್ಲ, ಕೆಂಪಗಿದೆ. ನನ್ನ ಮೊಮ್ಮಗಳು ಒಂದು ವರ್ಷದವಳಿದ್ದಾಗ ಸರ ಎಳೆದು ಹರಿದಳು, ಒಂದು ಗುಂಡು ಬಚ್ಚಲಿಗೆ ಬಿದ್ದುಹೋಯಿತು. ಬೇರೆ ಗುಂಡು ಹಾಕಿಸಿದೆವು."

ಅಧಿಕಾರಿ ಪೆನ್ನಿನ ತುದಿಯಿಂದ ಒಂದೊಂದೇ ಗುಂಡು ಸರಿಸಿ ಎಣಿಸಿದರು. ಏಳನೆಯದು ಸಾಸಿವೆಯಷ್ಟು ದಪ್ಪ ಹೆಚ್ಚಿತ್ತು, ತಾಮ್ರದ ಪಾಲು ಹೆಚ್ಚಾಗಿ ಬೆರೆತ ಬಂಗಾರದ ಕೆಂಪು ಅದರಲ್ಲಿ ಎದ್ದು ಕಾಣುತ್ತಿತ್ತು. ಪತ್ತಾರರು ಕಣ್ಣಿಗೆ ಮಸೂರ ಹಿಡಿದು, ಗುಂಡು ಆಮೇಲೆ ಸೇರಿಸಿದ್ದೇ ಎಂದರು. ಆ ಇನ್ನೊಬ್ಬ ಹೆಣ್ಣುಮಗಳು ಮಾತಿಲ್ಲದೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಅವರ ತಾಯಿಯ ಸರ ಆ ಮೇಜಿನ ಮೇಲೆ ಇರಲಿಲ್ಲ. ಬಹುಶಃ ಆ ಗಟ್ಟಿಯಲ್ಲಿ ಕರಗಿಹೋಗಿತ್ತು. ಆ ದಿನ ನೆನಪಾದಾಗ ನನಗೆ ನಮ್ಮ ಸರ ಸಿಕ್ಕಿದ ಸಂತೋಷಕ್ಕಿಂತ ಅವರ ಬೆನ್ನು ಕಣ್ಣಮುಂದೆ ಬರುತ್ತದೆ.

ಕರಡಿಗೆಯ ಮಾತು ಬರೆಯಲು ಕಷ್ಟವಾಗುತ್ತಿದೆ. ಮೇಜಿನ ಮೇಲೆ ಬೆಳ್ಳಿಯ ಕರಡಿಗೆಗಳು ಮೂರು ಇದ್ದವು. ಅತ್ತೆ ಒಂದೊಂದನ್ನೂ ಅಂಗೈಯಲ್ಲಿಟ್ಟುಕೊಂಡು ಮುಚ್ಚಳ ಸವರಿದರು. ಎರಡನೆಯದನ್ನು ಬಹಳ ಹೊತ್ತು ಹಿಡಿದಿದ್ದರು. ಮಾವನವರು ಅದನ್ನು ನಲವತ್ತೈದು ವರ್ಷ ಎದೆಯ ಮೇಲೆ ಧರಿಸಿದ್ದವರು. ಅವರನ್ನು ಮಣ್ಣು ಮಾಡುವಾಗ ಲಿಂಗವನ್ನು ಅಂಗೈಯಲ್ಲಿಟ್ಟು, ಬರಿಯ ಕರಡಿಗೆಯನ್ನು ಅತ್ತೆ ಇಟ್ಟುಕೊಂಡಿದ್ದರು. ಅದರ ಒಳಮುಚ್ಚಳದಲ್ಲಿ ಏನಿತ್ತು, ಕೊಂಡಿ ಹೇಗಿತ್ತು, ತೂಕ ಎಷ್ಟು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಫೋಟೋ ಇರಲಿಲ್ಲ. ಮಾವನವರ ಫೋಟೋಗಳಲ್ಲೆಲ್ಲ ಅದು ಅಂಗಿಯ ಒಳಗಿದೆ. ಅತ್ತೆ ಕೊನೆಗೆ ಎರಡನೆಯದನ್ನು ಬಟ್ಟೆಯ ಮೇಲಿಟ್ಟು, "ಇದು ಅವರದೇ ಇರಬಹುದು. ಆದರೆ ನನ್ನದು ಎಂದು ಆಣೆ ಮಾಡಿ ಹೇಳಲಾರೆ" ಎಂದರು. ಬೇರೆಯವರ ಮನೆಯ ಹಿರಿಯರದನ್ನು ತಂದರೆ ಪಾಪ ಎಂಬುದು ಅವರ ಮನಸ್ಸು. ಒಂದೇ ಒಂದು ಫೋಟೋ ಇದ್ದಿದ್ದರೆ ಅವರು ಹಾಗೆ ಬರಿಗೈಯಲ್ಲಿ ಎದ್ದು ಬರಬೇಕಾಗಿರಲಿಲ್ಲ.

ಗುರುತಿಸಿದ ಮಾತ್ರಕ್ಕೆ ಒಡವೆ ಕೈಗೆ ಬರುವುದಿಲ್ಲ. ಅದು ಕೋರ್ಟಿನ ವಶದಲ್ಲಿರುವ ಮುದ್ದೇಮಾಲು, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ಸ್ವತ್ತು. ವಕೀಲರ ಮೂಲಕ ಬಿಡುಗಡೆಗೆ ಅರ್ಜಿ ಹಾಕಬೇಕು, ಪೊಲೀಸರ ವರದಿ ಬರಬೇಕು, ಆದೇಶವಾಗಬೇಕು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497ರ ಪ್ರಕಾರ ವಶಪಡಿಸಿಕೊಂಡ ಸ್ವತ್ತಿನ ವಿವರಪಟ್ಟಿಯನ್ನು ಕೋರ್ಟು 14 ದಿನದಲ್ಲಿ ಸಿದ್ಧಪಡಿಸಿ, ಫೋಟೋ ತೆಗೆಸಿ, ಆಮೇಲೆ 30 ದಿನದೊಳಗೆ ಅದರ ವಿಲೇವಾರಿಗೆ ಆದೇಶ ಮಾಡಬೇಕು ಎಂದು ವಕೀಲರು ಹೇಳಿದರು. ಸ್ವತ್ತು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಬಾರದೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆಯಂತೆ. ನಮಗೆ ಮೂರು ತಿಂಗಳು ಹಿಡಿಯಿತು. ಎರಡು ಸಲ ವಾಯಿದೆ ಮುಂದಕ್ಕೆ ಹೋಯಿತು, ಒಂದು ಸಲ ಜಾಮೀನುದಾರರ ಪಹಣಿಯಲ್ಲಿ ಹೆಸರಿನ ಒಂದು ಅಕ್ಷರ ಆಧಾರ್‌ಗೆ ಹೊಂದಲಿಲ್ಲ ಎಂದು ವಾಪಸ್ಸು ಕಳಿಸಿದರು. ಬಾಂಡು ಬರೆದುಕೊಡಬೇಕು: ಕೋರ್ಟು ಕೇಳಿದಾಗ ಒಡವೆ ತಂದು ಹಾಜರುಪಡಿಸಬೇಕು, ಮಾರಬಾರದು, ರೂಪ ಬದಲಿಸಬಾರದು. ಹಾಗಾಗಿ ಅತ್ತೆಯ ಸರದ ಸಡಿಲಾದ ಕೊಂಡಿಯನ್ನು ಇನ್ನೂ ಸರಿಮಾಡಿಸಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ವಕೀಲರಿಗೆ 8,000, ಬಾಂಡಿನ ಛಾಪಾ ಕಾಗದ, ನೋಟರಿ, ಫೋಟೋ, ಜೆರಾಕ್ಸ್ ಎಲ್ಲ ಸೇರಿ 1,650, ಆಟೋ ಮತ್ತು ಓಡಾಟಕ್ಕೆ ಎರಡು ಸಾವಿರದ ಮೇಲೆ. ಶಾಲೆಗೆ ಹಾಕಿದ ರಜೆ ಹನ್ನೊಂದು ದಿನ. ನವೆಂಬರಿನಲ್ಲಿ ಸರ, ಬಟ್ಟಲು ಎರಡೂ ಮನೆಗೆ ಬಂದವು. ಮಗಳ ಚೈನು, ಉಂಗುರಗಳು ಸಿಗಲಿಲ್ಲ. ಚೈನಿಗೆ ಬಿಲ್ಲು ಇದ್ದದ್ದರಿಂದ ಆ ಗಟ್ಟಿಯಲ್ಲಿ ನಮ್ಮ ಪಾಲೂ ಇದೆ ಎಂದು ಅರ್ಜಿ ಹಾಕಿದ್ದೇವೆ, ಅದರ ವಿಚಾರಣೆ ನಡೆದಿದೆ. ಆ ಬಿಲ್ಲನ್ನೂ ನಾನು ಕಳೆದಿದ್ದೆ; ಅಂಗಡಿಯವರು ಮೊಬೈಲ್ ಸಂಖ್ಯೆ ಹಾಕಿ ಕಂಪ್ಯೂಟರಿನಲ್ಲಿ ಹುಡುಕಿ ಇನ್ನೊಂದು ಪ್ರತಿ ಕೊಟ್ಟರು. ಉಂಗುರ ಕೊಂಡಿದ್ದ ಇನ್ನೊಂದು ಅಂಗಡಿಯವರು ಹಳೆಯ ಲೆಕ್ಕ ಇಟ್ಟಿಲ್ಲ ಎಂದುಬಿಟ್ಟರು.

ಸರ ಮನೆಗೆ ಬಂದ ರಾತ್ರಿಯೇ ಮಗಳು ನೋಟ್‌ಬುಕ್ ತಂದು ಮುಂದಿಟ್ಟಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರೆ ಪಾರ್ಕ್ ಎಂಬ ಊರಿನ ಪೊಲೀಸರು 1963ರಲ್ಲೇ ಜನರಿಗೆ ಕೊರೆಯುವ ಉಪಕರಣ ಎರವಲು ಕೊಟ್ಟು, ಮನೆಯ ವಸ್ತುಗಳ ಮೇಲೆ ಗುರುತು ಹಾಕಿಸಿ ಪಟ್ಟಿ ಮಾಡಿಸಿದ್ದರಂತೆ. ಗುರುತು ಇರುವ ವಸ್ತುವನ್ನು ಮಾರುವುದು ಕಷ್ಟ, ಹಾಗಾಗಿ ಕಳ್ಳರು ಅಂಥ ಮನೆಯ ಕಡೆ ಸುಳಿಯುವುದು ಕಡಿಮೆ ಎಂಬುದು ಅವರ ವಿಚಾರ. "ನಮ್ಮ ಬಟ್ಟಲಿನ ಹಾಗೆ" ಎಂದರು ಅತ್ತೆ.

ಬಂಗಾರದಿಂದ ಶುರು ಮಾಡಿದೆವು. ಚೌಕಿಪೇಟೆಯ ಪರಿಚಯದ ಪತ್ತಾರರ ಹತ್ತಿರ ಅತ್ತೆ, ನಾನು ಒಂದು ಬೆಳಿಗ್ಗೆ ಹೋದೆವು. ಒಂದೊಂದೇ ಒಡವೆಯನ್ನು ತಕ್ಕಡಿಯಲ್ಲಿಟ್ಟಾಗ ತಕ್ಕಡಿಯ ಅಂಕಿಯೂ ಕಾಣುವಂತೆ ಮಗಳು ಕಲಿಸಿಕೊಟ್ಟ ಹಾಗೆ ಫೋಟೋ ತೆಗೆದೆ. ಅತ್ತೆಯ ಬಿಲ್ವಾರಗಳ ಬಗ್ಗೆ ಅವರು ಒಳ್ಳೆಯ ಮಾತು ಹೇಳಿದರು: ಒಳಗೆ ಅರಗು ತುಂಬಿದೆ, ಆದ್ದರಿಂದ ಒಟ್ಟು ತೂಕ ಬೇರೆ, ಬಂಗಾರದ ತೂಕ ಬೇರೆ, ಎರಡನ್ನೂ ಬರೆಯಿರಿ. ನಾನೊಬ್ಬಳೇ ಆಗಿದ್ದರೆ ಇದು ನನಗೆ ತಿಳಿಯುತ್ತಿರಲಿಲ್ಲ. ಹರಳಿನ ಓಲೆಗಳಿಗೂ ಅದೇ ಮಾತು. ತೂಕ ಮಾಡಿಕೊಟ್ಟದ್ದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಅತ್ತೆ ಅವರ ಮೊಮ್ಮಗನ ಕೈಗೆ ನೂರು ರೂಪಾಯಿ ಇಟ್ಟು ಬಂದರು.

ಈಚಿನ ಒಡವೆಗಳ ಮೇಲೆ ಎಚ್‌ಯುಐಡಿ ಇರುತ್ತದೆ. ಅಕ್ಷರ, ಅಂಕಿ ಬೆರೆತ ಆರು ಚಿಹ್ನೆಗಳು, ಪ್ರತಿ ಒಡವೆಗೂ ಬೇರೆ ಬೇರೆ. 2023ರ ಏಪ್ರಿಲ್ 1ರಿಂದ ಅದಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬರಿಗಣ್ಣಿಗೆ ಕಾಣುವುದಿಲ್ಲ. ಮಸೂರದಲ್ಲಿ ನೋಡಿ ಬರೆದುಕೊಂಡು, ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಯಾವ ಬಗೆಯ ಒಡವೆ, ಎಷ್ಟು ಶುದ್ಧ ಎಂಬ ವಿವರ ಬರುತ್ತದೆ. ನಾನು ಓದಿದ ಎರಡರಲ್ಲಿ ಒಂದು ತಪ್ಪಾಗಿತ್ತು, ಸೊನ್ನೆಯನ್ನು ಅಕ್ಷರವೆಂದು ಬರೆದುಕೊಂಡಿದ್ದೆ. ಆ್ಯಪಿನಲ್ಲಿ ಹಾಕಿ ನೋಡದೆ ಬಿಡಬೇಡಿ. ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆ ನಾಲ್ಕನ್ನು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದೆವು. ನಾಲ್ಕಕ್ಕೂ ಸೇರಿ 200 ರೂಪಾಯಿ, ಮೇಲೆ ಜಿಎಸ್‌ಟಿ. ಬಂಗಾರ ಕರಗಿಸಿದರೆ ಎಚ್‌ಯುಐಡಿಯೂ ಅದರೊಡನೆ ಹೋಗುತ್ತದೆ ಎಂಬುದೂ ನಿಜ. ಆಗ ಕೈಯಲ್ಲಿ ಉಳಿಯುವುದು ಬಿಲ್ಲು, ತೂಕ, ಫೋಟೋ.

ಫೋಟೋ ತೆಗೆಯುವ ಬಗ್ಗೆ ನಾವು ಕಲಿತದ್ದಿಷ್ಟು. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ, ಕಪ್ಪು ಬಟ್ಟೆಯ ಮೇಲೆ, ಪಕ್ಕದಲ್ಲಿ ಶಾಲೆಯ ಸ್ಕೇಲು ಇಟ್ಟು ತೆಗೆಯಿರಿ. ಬಿಳಿ ಬಟ್ಟೆಯ ಮೇಲೆ ಬೆಳ್ಳಿ ತೇಲಿಹೋಗುತ್ತದೆ. ಮುಂದೆ, ಹಿಂದೆ, ಕೊಂಡಿ, ತಿರುಪು, ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲಿ ತಗ್ಗು ಬಿದ್ದಿದೆ, ಎಲ್ಲಿ ಬೆಸುಗೆ ಹಾಕಿದೆ, ಯಾವ ಹರಳು ಬದಲಾಗಿದೆ ಎಂಬುದು ಹತ್ತಿರದಿಂದ. ಹೊಸದಾಗಿ ಹೊಳೆಯುವ ಮುಖವನ್ನು ಎಲ್ಲರೂ ತೆಗೆಯುತ್ತಾರೆ, ಅದು ಅಂಗಡಿಯ ನೂರು ಸರಕ್ಕೂ ಹೊಂದುತ್ತದೆ. ಏಳನೆಯ ಗುಂಡು ನಮ್ಮ ಮನೆಯದಕ್ಕೆ ಮಾತ್ರ ಇತ್ತು. ಆಮೇಲೆ ಮನೆಯವರು ಆ ಒಡವೆ ತೊಟ್ಟಿರುವ ಒಂದು ಫೋಟೋ ಇರಲಿ. ಗೃಹಪ್ರವೇಶದ ಆಲ್ಬಮ್ಮಿನಲ್ಲಿ ಅತ್ತೆ ಸರ ತೊಟ್ಟು ಆರತಿ ಹಿಡಿದ ಚಿತ್ರವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ಕೋರ್ಟಿಗೆ ಕೊಟ್ಟಿದ್ದೆವು, ಅದು ಬಹಳ ಉಪಯೋಗಕ್ಕೆ ಬಂತು.

ಟಿವಿ, ಫ್ರಿಜ್ಜು, ಲ್ಯಾಪ್‌ಟಾಪು, ಇನ್ವರ್ಟರ್ ಬ್ಯಾಟರಿ ಮುಂತಾದವುಗಳ ಸೀರಿಯಲ್ ಸಂಖ್ಯೆ ಹಿಂಬದಿಯ ಚೀಟಿಯಲ್ಲಿದೆ, ಫೋಟೋ ತೆಗೆದುಕೊಂಡರೆ ಆಯಿತು. ಮೊಬೈಲಿನಲ್ಲಿ *#06# ಒತ್ತಿದರೆ ಐಎಂಇಐ ಬರುತ್ತದೆ, ಎರಡು ಸಿಮ್ಮಿನದಕ್ಕೆ ಎರಡು ಸಂಖ್ಯೆ. ಸೈಕಲ್ಲಿನ ಸಂಖ್ಯೆ ಪೆಡಲಿನ ಕೆಳಗೆ ಚೌಕಟ್ಟಿನ ಮೇಲೆ ಕೊರೆದಿರುತ್ತದೆ. ಗ್ರೀಸು ಒರೆಸಿ ನೋಡಬೇಕಾಯಿತು. ಬೆಳ್ಳಿ, ತಾಮ್ರ, ಹಿತ್ತಾಳೆಯಲ್ಲಿ ಹೆಸರಿಲ್ಲದವುಗಳನ್ನೆಲ್ಲ ಪಾತ್ರೆ ಅಂಗಡಿಗೆ ಒಯ್ದು ಹೆಸರು ಕೊರೆಸಿದೆವು. ಬರಿಯ ಹೆಸರು, ಇಸವಿ ಸಾಕು; ಆಧಾರ್ ಸಂಖ್ಯೆಯನ್ನೋ ಮೊಬೈಲ್ ಸಂಖ್ಯೆಯನ್ನೋ ಹಾಕಿಸಬೇಡಿ.

ಬರೆಯುತ್ತ ಬರೆಯುತ್ತ ನಮಗೆ ಗಾಬರಿಯಾದದ್ದು, ಎಷ್ಟೊಂದನ್ನು ಒಂದೇ ಬೀರುವಿನಲ್ಲಿ ಇಟ್ಟಿದ್ದೆವು ಎಂದು. ಲಾಕರಿಗೆ ಅರ್ಜಿ ಕೊಟ್ಟೆವು. ಖಾಲಿ ಇರಲಿಲ್ಲ. ಕಾಯುವವರ ಪಟ್ಟಿಯ ಸಂಖ್ಯೆ ಬರೆಸಿಕೊಂಡು ಬಂದು, ಕೆಲವು ವಾರದ ಮೇಲೆ ಸಿಕ್ಕಿತು. ಲಾಕರಿನಲ್ಲಿಟ್ಟರೆ ಪಟ್ಟಿ ಬೇಡ ಎಂದು ಕೆಲವರು ತಿಳಿದಿದ್ದಾರೆ, ಅದು ತಪ್ಪು. ಒಳಗೆ ಏನಿದೆ ಎಂದು ಬ್ಯಾಂಕಿಗೆ ಗೊತ್ತಿರುವುದಿಲ್ಲ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 2,000 ಇದ್ದರೆ 2 ಲಕ್ಷ. ಈಗಿನ ಬಂಗಾರದ ಬೆಲೆಗೆ ಅದು ಎಷ್ಟರ ಮಾತು, ನೀವೇ ಲೆಕ್ಕ ಹಾಕಿ.

ಈ ಪಟ್ಟಿಯೇ ಕಳ್ಳರ ಕೈಗೆ ಸಿಕ್ಕರೆ ಅದಕ್ಕಿಂತ ದೊಡ್ಡ ಅನಾಹುತವಿಲ್ಲ. ನೋಟ್‌ಬುಕ್ಕಿನಲ್ಲಿ ನಮ್ಮ ವಿಳಾಸ ಬರೆದಿಲ್ಲ, ಯಾವುದು ಎಲ್ಲಿದೆ ಎಂದೂ ಬರೆದಿಲ್ಲ. ಮೂಲ ಪ್ರತಿ ಲಾಕರಿನಲ್ಲಿ. ಜೆರಾಕ್ಸ್ ಪ್ರತಿಯನ್ನು ಲಕೋಟೆಯಲ್ಲಿ ಅಂಟಿಸಿ ಹರಿಹರದ ನಾದಿನಿಗೆ ಕೊಟ್ಟಿದ್ದೇವೆ, ಅವರ ಮನೆಯದು ನಮ್ಮಲ್ಲಿದೆ. ಫೋಟೋಗಳನ್ನು ಮಗಳು ಪಾಸ್‌ವರ್ಡ್ ಹಾಕಿ ಪೆನ್ ಡ್ರೈವಿನಲ್ಲಿಟ್ಟು, ಮೊಬೈಲಿನಿಂದ ಅಳಿಸಿದಳು. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿ ಎಂದು ಒಬ್ಬರು ಕೇಳಿದರು, ಕಳಿಸಲಿಲ್ಲ. ಈ ವರ್ಷ ಊರಿಗೆ ಹೋಗುವ ಮುಂಚೆ ನಮ್ಮ ಬೀಟಿನ ಪೊಲೀಸರಿಗೆ ತಿಳಿಸಿ ಹೋಗುತ್ತೇವೆ, ಪತ್ರಿಕೆ ಹುಡುಗನಿಗೂ.

ನೋಟ್‌ಬುಕ್ಕಿನಲ್ಲಿ ಅತ್ತೆ ಹೇಳಿ ಬರೆಸಿದ ಪುಟ ಒಂದಿದೆ. ಕಳೆದುಹೋದ ಕರಡಿಗೆಯದು. ಇಲ್ಲದ್ದನ್ನು ಯಾಕೆ ಬರೆಯುವುದು ಎಂದು ನಾನು ಕೇಳಲಿಲ್ಲ. ಅವರು ಬೆರಳಿನಲ್ಲಿ ಅಳತೆ ತೋರಿಸಿದರು, ಮಗಳು ಪೆನ್ಸಿಲ್ಲಿನಲ್ಲಿ ಬರೆದಳು, ಮುಚ್ಚಳದ ಉಬ್ಬು ಹಾಗಲ್ಲ ಹೀಗೆ ಎಂದು ಮೂರು ಸಲ ಅಳಿಸಿ ಬರೆಸಿದರು. ಅದರ ಒಂದು ಪ್ರತಿಯನ್ನು ಠಾಣೆಗೂ ಕೊಟ್ಟು ಬಂದಿದ್ದೇವೆ.

ಇನ್ನು ಉಳಿದಿರುವುದು ತೋಟದ ಪಂಪ್‌ಸೆಟ್ಟು. ಮೋಟಾರು, ಕೇಬಲ್ಲು ಕದಿಯುವವರ ಹಾವಳಿ ನಮ್ಮ ಕಡೆ ಕಡಿಮೆಯೇನಿಲ್ಲ. ಮೋಟಾರಿನ ಹಲಗೆಯ ಮೇಲಿನ ಸಂಖ್ಯೆ ತುಕ್ಕು ಹಿಡಿದು ಅಳಿಸಿದೆ. ಲೇತ್ ಅಂಗಡಿಯವರು ಬರುವ ಶನಿವಾರ ಪಂಚು, ಸುತ್ತಿಗೆ ತೆಗೆದುಕೊಂಡು ಬರುತ್ತೇನೆ ಎಂದಿದ್ದಾರೆ. ಒಂದು ಅಕ್ಷರಕ್ಕೆ ಹತ್ತು ರೂಪಾಯಿಯಂತೆ. ಮಾವನವರ ಹೆಸರಿನ ಮೊದಲ ಎರಡು ಅಕ್ಷರ, ಸರ್ವೆ ನಂಬರು ಹೊಡೆಸಬೇಕೆಂದು ಯಜಮಾನರು ಚೀಟಿಯಲ್ಲಿ ಬರೆದಿಟ್ಟಿದ್ದಾರೆ.